ಸ್ಯಾಂಡಿ ಕೊಚ್ಚಿದ ದಡದಲ್ಲಿ ಹುಲ್ಲಿನ ನಾಟಿ

2012ರ ಅಕ್ಟೋಬರ್ 29ರ ರಾತ್ರಿ ಸ್ಯಾಂಡಿ ಚಂಡಮಾರುತವು ನ್ಯೂಜೆರ್ಸಿಯ ಬ್ರಿಗಂಟೀನ್ ಬಳಿ ದಡ ಮುಟ್ಟಿದಾಗ, ಒಳನಾಡಿನ ಎಡಿಸನ್‌ನಲ್ಲಿದ್ದ ನಮಗಾದ ತೊಂದರೆಯೆಂದರೆ ಕೆಲವು ದಿನ ಕರೆಂಟ್ ಇಲ್ಲದೆ ಕಳೆದದ್ದು ಮತ್ತು ಕಾರಿನ ನಂಬರಿನ ಸರಿ-ಬೆಸ ನೋಡಿ ಪೆಟ್ರೋಲ್ ಹಾಕುತ್ತಿದ್ದ ಬಂಕ್‌ಗಳ ಮುಂದೆ ಸಾಲಿನಲ್ಲಿ ಕಾದದ್ದು, ಅಷ್ಟೇ. ಕಡಲ ತೀರದವರ ಪಾಡು ಬೇರೆಯೇ ಆಗಿತ್ತು. ಹುಣ್ಣಿಮೆಯ ಉಬ್ಬರದ ಮೇಲೆ ಚಂಡಮಾರುತದ ಅಲೆಗಳೂ ಏರಿ ಬಂದಿದ್ದರಿಂದ, ಓಷನ್ ಕೌಂಟಿಯ ಮ್ಯಾಂಟೊಲೋಕಿಂಗ್ ಎಂಬ ಊರಿನಲ್ಲಿ ಕಡಲು ನೆಲವನ್ನು ಸೀಳಿಕೊಂಡು ಹಿಂದಿನ ಬಾರ್ನೆಗಾಟ್ ಹಿನ್ನೀರನ್ನು ಸೇರಿತು. ಸೇತುವೆ ಬಂದು ಇಳಿಯುವ ಜಾಗದಲ್ಲೇ ಹೊಸದೊಂದು ಅಳಿವೆ ತೆರೆದುಕೊಂಡಿತು. ಆ ಊರಿನ 521 ಮನೆಗಳಲ್ಲಿ ಹಾನಿಯಾಗದ ಮನೆ ಒಂದೂ ಉಳಿಯಲಿಲ್ಲ. ಉಳ್ಳಾಲದ ಕಡಲ ಬದಿಯಲ್ಲಿ ಬೆಳೆದು, ಮಳೆಗಾಲದಲ್ಲಿ ತೆಂಗಿನ ಮರಗಳು ಬುಡಸಮೇತ ನೀರಿಗೆ ಉರುಳುವುದನ್ನು ಕಂಡಿದ್ದ ನನಗೆ, ಆ ದೃಶ್ಯಗಳನ್ನು ಟಿವಿಯಲ್ಲಿ ನೋಡಿ ಸುಮ್ಮನಿರಲು ಆಗಲಿಲ್ಲ. ಹಾಗೆ ಹುಟ್ಟಿದ ಆಸಕ್ತಿಯೇ ಕೆಲವು ವರ್ಷಗಳ ನಂತರ, 2019ರ ಮಾರ್ಚ್‌ನ ಒಂದು ಶನಿವಾರ, ಮಗಳನ್ನೂ ಕರೆದುಕೊಂಡು ಆ ಕೌಂಟಿಯ ಸಣ್ಣ ಊರೊಂದರ ಮರಳ ದಿಬ್ಬದಲ್ಲಿ ಹುಲ್ಲು ನೆಡಲು ಹೋಗುವಂತೆ ಮಾಡಿತು.

ಆ ದಿಬ್ಬ ಅಲ್ಲಿಗೆ ಬಂದ ಬಗೆಯನ್ನು ಮೊದಲು ಹೇಳಬೇಕು. ಸ್ಯಾಂಡಿಯ ಮೂರು ತಿಂಗಳ ನಂತರ, 2013ರ ಜನವರಿಯಲ್ಲಿ, ಅಮೆರಿಕದ ಸಂಸತ್ತು 5,000 ಕೋಟಿ ಡಾಲರಿಗೂ ಹೆಚ್ಚಿನ ಪರಿಹಾರ ಕಾಯ್ದೆಯನ್ನು ಅಂಗೀಕರಿಸಿತು. ಅದರಲ್ಲಿ ಸೈನ್ಯದ ಎಂಜಿನಿಯರುಗಳ ವಿಭಾಗವಾದ ಆರ್ಮಿ ಕೋರ್ ಆಫ್ ಎಂಜಿನಿಯರ್ಸ್‌ಗೆ ಸಿಕ್ಕ ಪಾಲಿನಿಂದ, ಮನಾಸ್ಕ್ವಾನ್ ಅಳಿವೆಯಿಂದ ಬಾರ್ನೆಗಾಟ್ ಅಳಿವೆಯವರೆಗೆ ಸುಮಾರು 14 ಮೈಲಿ ಉದ್ದಕ್ಕೆ, ಬಹುಪಾಲು ಕಡೆ 22 ಅಡಿ ಎತ್ತರದ ದಿಬ್ಬ ಕಟ್ಟುವ ಯೋಜನೆಗೆ ಜೀವ ಬಂತು. ಖರ್ಚಿನಲ್ಲಿ ನೂರಕ್ಕೆ 65 ಭಾಗ ಕೇಂದ್ರದ್ದು, ಉಳಿದದ್ದು ರಾಜ್ಯ ಮತ್ತು ಊರುಗಳದ್ದು. ಕಡಲೊಳಗಿನ ಗುರುತಿಸಿದ ಜಾಗಗಳಿಂದ ಡ್ರೆಜರ್ ಹಡಗುಗಳು ಮರಳನ್ನು ಹೀರಿ, ಪೈಪಿನ ಮೂಲಕ ನೀರಿನೊಂದಿಗೆ ದಡಕ್ಕೆ ಉಗುಳುತ್ತವೆ. ನೀರು ಬಸಿದು ಹೋದ ಮೇಲೆ ಬುಲ್ಡೋಜರುಗಳು ಅದನ್ನು ಅಳತೆಗೆ ಸರಿಯಾಗಿ ದಿಬ್ಬವಾಗಿ ಒಟ್ಟುತ್ತವೆ.

ಹಣ 2013ರಲ್ಲೇ ಮಂಜೂರಾಗಿದ್ದರೂ ಈ ಭಾಗದಲ್ಲಿ ಕೆಲಸ ಶುರುವಾದದ್ದು 2017ರಲ್ಲಿ. ನಡುವಿನ ವರ್ಷಗಳನ್ನು ತಿಂದದ್ದು ಜಮೀನಿನ ತಕರಾರು. ಕಡಲಿಗೆ ಮುಖ ಮಾಡಿದ ಮನೆಗಳ ಎದುರಿನ ಮರಳು ಅನೇಕ ಕಡೆ ಖಾಸಗಿ ಆಸ್ತಿ. ಅಲ್ಲಿ ದಿಬ್ಬ ಕಟ್ಟಿ ಕಾಯಂ ಆಗಿ ನೋಡಿಕೊಳ್ಳಲು ಮಾಲೀಕರು ಬರಹದಲ್ಲಿ ಹಕ್ಕು ಬಿಟ್ಟುಕೊಡಬೇಕು. ಮನೆಯಿಂದ ಕಡಲು ಕಾಣದಾಗುತ್ತದೆ ಎಂದು ಹಲವರು ಸಹಿ ಹಾಕಲಿಲ್ಲ. ಇದಕ್ಕೂ ಮೊದಲು ದಕ್ಷಿಣದ ಹಾರ್ವೀ ಸೀಡರ್ಸ್ ಊರಿನಲ್ಲಿ, ದಿಬ್ಬದಿಂದ ತಮ್ಮ ಮನೆಯ ನೋಟ ಹಾಳಾಯಿತೆಂದು ದಾವೆ ಹೂಡಿದ ದಂಪತಿಗೆ ಜ್ಯೂರಿಯವರು 3,75,000 ಡಾಲರ್ ಪರಿಹಾರ ಕೊಟ್ಟಿದ್ದರು. 2013ರ ಜುಲೈನಲ್ಲಿ ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್, ದಿಬ್ಬದಿಂದ ಆ ಮನೆಗೆ ಸಿಕ್ಕ ರಕ್ಷಣೆಯನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ತೀರ್ಪಿತ್ತು ಆ ಮೊತ್ತವನ್ನು ತಳ್ಳಿಹಾಕಿತು. ಕೊನೆಗೆ ಒಂದು ಡಾಲರಿಗೆ ರಾಜಿಯಾಯಿತು. ಆಸ್ತಿಯ ಹಕ್ಕನ್ನು ನಾನು ಹಗುರವಾಗಿ ನೋಡುವವಳಲ್ಲ. ಆದರೆ ದಿಬ್ಬದ ಸಾಲಿನಲ್ಲಿ ಒಂದೇ ಮನೆಯ ಅಗಲದಷ್ಟು ಸಂದು ಉಳಿದರೂ ಕಡಲು ಅದೇ ಸಂದಿನಿಂದ ನುಗ್ಗಿ ಹಿಂದಿನ ಬೀದಿಯ ಬಡವರ ಮನೆಗಳನ್ನು ಮೊದಲು ಹೊಗುತ್ತದೆ. ಹಾಗಾಗಿ ಆ ತೀರ್ಪು ಸರಿಯಾದದ್ದೆಂದೇ ನನ್ನ ಅಭಿಪ್ರಾಯ.

ನಾವು ಹೋದ ದಿನ ಬಿಸಿಲಿತ್ತು, ಆದರೆ ಕಡಲ ಗಾಳಿ ಕೈ ಮರಗಟ್ಟಿಸುವಂತಿತ್ತು. ಗುತ್ತಿಗೆದಾರರು ಮೊದಲೇ ನೆಟ್ಟಿದ್ದ ಹುಲ್ಲು ಹಿಡಿಯದೆ ಬೋಳಾಗಿದ್ದ ಜಾಗಗಳನ್ನು ತುಂಬುವುದು ಅಂದಿನ ಕೆಲಸ. ಹುಲ್ಲನ್ನು ಸೂಡಿ ಕಟ್ಟಿ ತಂದಿದ್ದರು. ನಮ್ಮೂರಿನ ಗದ್ದೆಯಲ್ಲಿ ನೇಜಿಯ, ಅಂದರೆ ಭತ್ತದ ಸಸಿಯ, ಸೂಡಿ ಬಿಚ್ಚಿ ನೆಡುವಂತೆಯೇ ಇಲ್ಲೂ ಬಿಚ್ಚಿ ನೆಡಬೇಕು; ವ್ಯತ್ಯಾಸವೆಂದರೆ ನೇಜಿ ಹಸಿರಾಗಿರುತ್ತದೆ, ಇದು ಚಳಿಗಾಲದ ನಿದ್ದೆಯಲ್ಲಿರುವ ಒಣ ಕಡ್ಡಿ. ಬಣ್ಣ ಹುಲ್ಲುಬಣವೆಯದ್ದು, ಬುಡದಲ್ಲಿ ಮಾತ್ರ ನಸು ಬಿಳಿ. ಅಮೆರಿಕನ್ ಬೀಚ್‌ಗ್ರಾಸ್ ಎಂದು ಕರೆಯುವ ಈ ಹುಲ್ಲನ್ನು ಅಕ್ಟೋಬರ್ ನಡುವಿನಿಂದ ಮಾರ್ಚ್ ಕೊನೆಯವರೆಗೆ, ಅದು ಮಲಗಿರುವ ಕಾಲದಲ್ಲಿಯೇ ನೆಡಬೇಕು.

ನಮ್ಮ ಗುಂಪಿಗೆ ಕೆಲಸ ಹೇಳಿಕೊಟ್ಟವರು ಆ ಊರಿನಲ್ಲೇ ಹುಟ್ಟಿ ಬೆಳೆದ, ಎಪ್ಪತ್ತು ದಾಟಿದ ನಿವೃತ್ತ ಶಿಕ್ಷಕರು. ಒಬ್ಬರು ಕಬ್ಬಿಣದ ಸರಳಿನಿಂದ ಒಂದು ಗೇಣಿನಷ್ಟು ಆಳದ ತೂತು ಮಾಡುತ್ತಾ ಹೋಗಬೇಕು, ಹಿಂದಿನವರು ಪ್ರತಿ ತೂತಿಗೆ ಎರಡೆರಡು ಕಡ್ಡಿ ಇಳಿಸಿ, ಹಿಮ್ಮಡಿಯಿಂದ ಮರಳನ್ನು ಒತ್ತಿ ಮುಚ್ಚಬೇಕು. ತೂತಿಗೂ ತೂತಿಗೂ 18 ಇಂಚು ಅಂತರ. ಎರಡನೆಯ ಸಾಲಿನ ಗಿಡ ಮೊದಲ ಸಾಲಿನ ಎರಡು ಗಿಡಗಳ ನಡುವೆ ಬರಬೇಕು, ಇಲ್ಲವಾದರೆ ಗಾಳಿ ನೇರ ದಾರಿ ಮಾಡಿಕೊಳ್ಳುತ್ತದೆ. ಮಗಳು ನೆಟ್ಟ ಒಂದು ಗಿಡವನ್ನು ಅವರು ಎರಡು ಬೆರಳಿನಿಂದ ಮೆಲ್ಲನೆ ಎಳೆದರು. ಅದು ಸಲೀಸಾಗಿ ಮೇಲೆ ಬಂತು. "ಬುಡದಲ್ಲಿ ಗಾಳಿ ಉಳಿದಿದೆ ಮಗು, ಬೇರು ಒಣಗಿಬಿಡುತ್ತದೆ. ಇನ್ನೂ ಗಟ್ಟಿಯಾಗಿ ತುಳಿ, ಅದಕ್ಕೇನೂ ನೋವಾಗುವುದಿಲ್ಲ" ಎಂದರು. ಆಮೇಲೆ ಅವಳು ಒಂದೊಂದನ್ನೂ ಎಳೆದು ನೋಡಿಯೇ ಮುಂದೆ ಹೋಗುತ್ತಿದ್ದಳು.

ಮೇಲೆ ಒಣಗಿ ತಿಳಿಯಾಗಿದ್ದ ಮರಳು ಒಂದು ಗೇಣು ಕೆಳಗೆ ಬೂದು ಬಣ್ಣಕ್ಕಿತ್ತು, ಒದ್ದೆಯಾಗಿತ್ತು, ಕಪ್ಪೆಚಿಪ್ಪಿನ ಚೂರುಗಳಿಂದ ತುಂಬಿತ್ತು. ಕೆಲವೇ ತಿಂಗಳ ಹಿಂದೆ ಕಡಲ ತಳದಲ್ಲಿದ್ದ ಮರಳು ಅದು. ಹುಲ್ಲಿಲ್ಲದ ಕಡೆ ಗಾಳಿ ಬೀಸಿದಾಗಲೆಲ್ಲ ಅದರ ಮೇಲ್ಪದರ ಆವಿಯಂತೆ ಎದ್ದು ರಸ್ತೆಯ ಕಡೆಗೆ ಹರಿಯುತ್ತಿತ್ತು. ಹುಲ್ಲು ಹಿಡಿದ ಕಡೆ ಅದೇ ಮರಳು ಎಲೆಗಳಿಗೆ ತಾಗಿ, ವೇಗ ಕಳೆದುಕೊಂಡು ಬುಡದಲ್ಲೇ ಬೀಳುತ್ತಿತ್ತು. ಈ ಹುಲ್ಲಿನ ವಿಶೇಷವೆಂದರೆ ಮರಳು ಮುಚ್ಚಿದಷ್ಟೂ ಅದು ಮೇಲಕ್ಕೆ ಬೆಳೆಯುತ್ತದೆ, ನೆಲದೊಳಗೆ ಅಡ್ಡಡ್ಡ ಕಾಂಡಗಳನ್ನು ಹಬ್ಬಿಸಿ ಇಡೀ ದಿಬ್ಬವನ್ನು ಹೆಣೆಯುತ್ತದೆ. ಸರ್ಕಾರದ ಹಣದಿಂದ ಬಂದ ಮರಳಿಗೆ ನಿಲ್ಲುವ ಶಕ್ತಿ ಬರುವುದು ಅಲ್ಲಿಂದ ಮುಂದೆ.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಆ ಹಿರಿಯರು ಸ್ಯಾಂಡಿಯ ಮಾತೆತ್ತಿದರು. ಇದೇ ದಡದ ಸೀಸೈಡ್ ಹೈಟ್ಸ್‌ನಲ್ಲಿ ದಿಬ್ಬವಿರಲಿಲ್ಲ. ಅಲ್ಲಿನ ರೋಲರ್ ಕೋಸ್ಟರ್ ಕಡಲಿನಲ್ಲಿ ನಿಂತ ಚಿತ್ರವನ್ನು ಜಗತ್ತೇ ನೋಡಿತು. ಪಕ್ಕದ ಸೀಸೈಡ್ ಪಾರ್ಕ್‌ನಲ್ಲಿ ದಿಬ್ಬವಿತ್ತು, ಹಾನಿ ಎಷ್ಟೋ ಕಡಿಮೆಯಾಯಿತು. ಇನ್ನೂ ದಕ್ಷಿಣಕ್ಕಿರುವ ಮಿಡ್‌ವೇ ಬೀಚಿನ ನಿವಾಸಿಗಳಂತೂ ಎರಡು ದಶಕಗಳಿಂದ ಮರದ ಪಟ್ಟಿಯ ಬೇಲಿ ಹಾಕಿ, ಹಬ್ಬ ಮುಗಿದ ಮೇಲೆ ಎಸೆಯುವ ಕ್ರಿಸ್‌ಮಸ್ ಮರಗಳನ್ನು ಹೂತು, ಹುಲ್ಲು ನೆಟ್ಟು, ಗಾಳಿಯಿಂದಲೇ ಮರಳನ್ನು ಒಟ್ಟುಗೂಡಿಸಿಕೊಂಡಿದ್ದರು. ಅವರ ಮನೆಗಳು ಉಳಿದವು.

ನನ್ನ ಮನಸ್ಸಿನಲ್ಲಿ ಆಳವಾಗಿ ಕೂತದ್ದು ಆ ಮಾತೇ. ವಿಪತ್ತು ನಿರ್ವಹಣೆಯ ಕೇಂದ್ರ ಸಂಸ್ಥೆ ಫೆಮಾದ ನಿಯಮದಂತೆ, ಬಿರುಗಾಳಿಯಲ್ಲಿ ಹೋದ ಮರಳನ್ನು ಕಾಯಂ ಆಗಿ ತುಂಬಿಕೊಡಲು ಹಣ ಸಿಗಬೇಕಾದರೆ, ಆ ದಡವನ್ನು ಮೊದಲೇ ನಕ್ಷೆ, ಎತ್ತರ, ಇಳಿಜಾರು ನಿಗದಿಪಡಿಸಿ ಕಟ್ಟಿರಬೇಕು ಮತ್ತು ನಿಯಮಿತವಾಗಿ ಮರಳು ತುಂಬಿ ನಿರ್ವಹಿಸಿರಬೇಕು. ತಾನಾಗಿ ಬೆಳೆದ ದಡಕ್ಕೆ ಆ ನೆರವಿಲ್ಲ. ಸಾರ್ವಜನಿಕ ಹಣಕ್ಕೆ ಅಳತೆಯ ದಾಖಲೆ ಬೇಕೆನ್ನುವುದು ನ್ಯಾಯವೇ. ಆದರೂ ಜನರು ಬೇಲಿ, ಹುಲ್ಲುಗಳಿಂದ ವರ್ಷಗಟ್ಟಲೆ ಸಾಕಿದ ದಿಬ್ಬವನ್ನು ಅಳೆದು ದಾಖಲಿಸಿಕೊಂಡು, ಅದನ್ನೂ ನೆರವಿಗೆ ಅರ್ಹವೆಂದು ಒಪ್ಪುವ ದಾರಿಯೊಂದು ಬೇಕು. ಬಿರುಗಾಳಿ ಬಂದು ಹೋದ ಮೇಲೆ ಕೋಟಿಗಟ್ಟಲೆ ಖರ್ಚು ಮಾಡುವ ಸರ್ಕಾರಕ್ಕೆ, ಮೊದಲೇ ಹುಲ್ಲಿನ ಸೂಡಿಗಳಿಗೆ ಖರ್ಚು ಮಾಡುವುದು ಭಾರವಾಗಬಾರದು.

ಸಂಜೆ ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ವಿವರಿಸಿದೆ. "ಅಲ್ಲಿ ಕಲ್ಲು ಹಾಕುವುದಿಲ್ಲವಾ?" ಎಂದು ಕೇಳಿದರು. ಉಳ್ಳಾಲದಲ್ಲಿ ಕಡಲ್ಕೊರೆತವೆಂದರೆ ಲಾರಿಗಟ್ಟಲೆ ಬಂಡೆ ಸುರಿಯುವುದೆಂದೇ ಅವರಿಗೆ ಅಭ್ಯಾಸ. ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದ ನೆರವಿನಿಂದ ಕಡಲೊಳಗೆ, ಅಲೆಯ ರಭಸ ತಗ್ಗಿಸುವ ರೀಫ್ ಎಂಬ ನೀರೊಳಗಿನ ದಿಬ್ಬ ಕಟ್ಟಿದ್ದನ್ನೂ ಅವರು ನೋಡಿದ್ದಾರೆ. ಅಲ್ಲಿನ ಮಳೆಗಾಲದ ಅಲೆ ಬೇರೆ, ಇಲ್ಲಿನದು ಬೇರೆ. ಇಲ್ಲಿಯ ಉಪಾಯವನ್ನು ಹಾಗೇ ಎತ್ತಿ ಅಲ್ಲಿಡಲು ಬರುವುದಿಲ್ಲ. ಆದರೆ ನನ್ನ ಬಾಲ್ಯದಲ್ಲಿ ಮನೆಯ ಮುಂದಿನ ಮರಳಿನ ಮೇಲೆ ಅಡಂಬು ಬಳ್ಳಿಯೂ ಮುಳ್ಳು ಮುಳ್ಳಾದ ರಾವಣನ ಮೀಸೆಯೂ ದಟ್ಟವಾಗಿ ಹಬ್ಬಿದ್ದವು. ಅವು ಕೂಡ ಮರಳು ಹಿಡಿಯುವ ಗಿಡಗಳೇ. ಕಲ್ಲು ಹಾಕುವ ಮುನ್ನ ಅವುಗಳನ್ನು ಉಳಿಸಿಕೊಳ್ಳಬಹುದಾದ ಕಡೆ ಉಳಿಸಿಕೊಳ್ಳಬೇಕೆಂದು ಅಮ್ಮನಿಗೂ, ಊರಿನಲ್ಲಿರುವ ತಮ್ಮನಿಗೂ ಹೇಳಿದೆ.

ಇಲ್ಲಿಯ ದಿಬ್ಬವೂ ಒಮ್ಮೆ ಕಟ್ಟಿ ಕೈತೊಳೆದುಕೊಳ್ಳುವಂಥದ್ದಲ್ಲ. ಯೋಜನೆಯ ಪ್ರಕಾರ 50 ವರ್ಷಗಳ ಕಾಲ, ಸುಮಾರು ನಾಲ್ಕು ವರ್ಷಕ್ಕೊಮ್ಮೆ ಮರಳು ತುಂಬಬೇಕು. ಚಳಿಗಾಲದ ನಾರ್‌ಈಸ್ಟರ್ ಬಿರುಗಾಳಿಗಳು ದಿಬ್ಬದ ಕಡಲ ಬದಿಯನ್ನು ಗೋಡೆಯಷ್ಟು ಕಡಿದಾಗಿ ಕೊರೆದುಬಿಡುವುದನ್ನು ಆಮೇಲೆ ನಾನೇ ಹೋಗಿ ನೋಡಿದ್ದೇನೆ. ಹಾಗೆ ಕೊರೆದ ಮುಖದಿಂದ ಹೊರಬಿದ್ದ ಹುಲ್ಲಿನ ಬೇರುಗಳು ಆಳೆತ್ತರಕ್ಕೆ ಜೋತಾಡುತ್ತಿರುತ್ತವೆ. ಹೀಗಿರುವಾಗ 2025ರಲ್ಲಿ, 1996ರಿಂದ ಈಚೆಗೆ ಮೊದಲ ಬಾರಿಗೆ, ಕಡಲ ತೀರಕ್ಕೆ ಮರಳು ತುಂಬುವ ಕೆಲಸಕ್ಕೆ ಕೇಂದ್ರದ ಬಜೆಟ್ಟಿನಲ್ಲಿ ಹಣವೇ ಬರಲಿಲ್ಲ. ನಮ್ಮ ಕ್ಷೇತ್ರದ ಸಂಸತ್ ಸದಸ್ಯರ ಕಚೇರಿಗೆ ಪತ್ರ ಬರೆದು, ನಿರ್ವಹಣೆಯ ಹಣವನ್ನು ಪ್ರತಿ ವರ್ಷವೂ ಖಾತ್ರಿಯಾಗಿ ಕೊಡಬೇಕೆಂದು, ಊರವರು ನೆಟ್ಟು ಬೆಳೆಸಿದ ದಿಬ್ಬಗಳನ್ನೂ ನೆರವಿನ ಪಟ್ಟಿಗೆ ಸೇರಿಸಬೇಕೆಂದು ಕೇಳಿದ್ದೇನೆ. ಮಗಳೂ ಅದಕ್ಕೆ ಸಹಿ ಹಾಕಿದ್ದಾಳೆ.