ಮಗಳನ್ನು ಚೀನಾ ಭವನದಲ್ಲಿ ಬಿಟ್ಟು ಬಂದ ದಿನ

ಪಶ್ಚಿಮ ಬಂಗಾಳದ ಬೋಲ್ಪುರ ಸ್ಟೇಷನ್ನಿನಲ್ಲಿ ಇಳಿದಾಗ ಜೋರು ಮಳೆ. ಅಲ್ಲಿ ಬ್ಯಾಟರಿ ಆಟೋಗೆ ಟೋಟೋ ಅಂತಾರೆ. ಮಡಿಲ ಮೇಲೆ ಬ್ಯಾಗುಗಳನ್ನು ಇಟ್ಟುಕೊಂಡು ನಾನೂ ಮಗಳೂ ಶಾಂತಿನಿಕೇತನಕ್ಕೆ ಹೊರಟೆವು. ಅವಳಿಗೆ ಅಲ್ಲಿನ ವಿಶ್ವಭಾರತಿ ವಿಶ್ವವಿದ್ಯಾಲಯದಲ್ಲಿ ಚೀನೀ ಭಾಷೆಯ ಬಿ.ಎ. ಸೀಟು ಸಿಕ್ಕಿತ್ತು. "ಚೈನೀಸ್ ಓದಿ ಏನು ಮಾಡ್ತಾಳೆ?" ಎಂದು ತುಮಕೂರಿನ ನೆಂಟರೆಲ್ಲ ಕೇಳಿದ್ದರು. ನನಗೂ ಗೊತ್ತಿರಲಿಲ್ಲ. ಅವಳ ಹಟಕ್ಕೆ ಒಪ್ಪಿದ್ದೆ, ಅಷ್ಟೇ.

ಅವಳು ಕಾಗದಪತ್ರ ತೋರಿಸಲು ಒಳಗೆ ಹೋದಳು. ನಾನು ಚೀನೀ ಕಲಿಸುವ ವಿಭಾಗವಾದ ಚೀನಾ ಭವನದ ಜಗಲಿಯಲ್ಲಿ ಕೂತೆ. ಈ ಭವನ ಕಟ್ಟಲು ಓಡಾಡಿದ ತಾನ್ ಯುನ್-ಷಾನ್ ಬಗ್ಗೆ ರೈಲಿನಲ್ಲಿ ಅವಳೇ ಹೇಳಿದ್ದಳು. 1898ರಲ್ಲಿ ಚೀನಾದ ಹುನಾನ್ ಪ್ರಾಂತ್ಯದಲ್ಲಿ ಹುಟ್ಟಿದವರು. 1927ರಲ್ಲಿ ಸಿಂಗಪುರದಲ್ಲಿ ರವೀಂದ್ರನಾಥ ಟಾಗೋರರನ್ನು ಕಂಡರು. ಶಾಂತಿನಿಕೇತನಕ್ಕೆ ಬನ್ನಿ ಎಂದು ಟಾಗೋರರು ಕರೆದರು. ಮರುವರ್ಷ ಇವರು ಬಂದೇಬಿಟ್ಟರು. ಬೆರಳೆಣಿಕೆಯ ವಿದ್ಯಾರ್ಥಿಗಳಿಗೆ ಚೀನೀ ಕಲಿಸುತ್ತಾ, ತಾವು ಸಂಸ್ಕೃತ ಕಲಿತರು. ಕಲಿಸಲು ಬಂದವರು ಕಲಿಯಲೂ ಕೂತರು ಅನ್ನೋದು ನನಗೆ ತುಂಬಾ ಹಿಡಿಸಿತು.

ಆಮೇಲೆ ಚೀನಾಕ್ಕೆ ಹೋಗಿ ಹಣ, ಪುಸ್ತಕ ಒಟ್ಟು ಮಾಡಿ ತಂದರು. 1937ರ ಏಪ್ರಿಲ್ 14ರಂದು, ಬಂಗಾಳಿಗಳ ಹೊಸವರ್ಷದ ದಿನ, ಭವನ ಶುರುವಾಯಿತು. ನೆಹರೂ ಬರಬೇಕಿತ್ತು. ಹುಷಾರಿಲ್ಲದೆ ಮಗಳು ಇಂದಿರಾ ಕೈಯಲ್ಲಿ ಭಾಷಣ ಕಳಿಸಿದರು.

ನನ್ನನ್ನು ಕಾಡಿದ್ದು ತಾನ್ ಯುನ್-ಷಾನ್ ಅವರ ಮನೆಯ ಕತೆ. ಮಗ ತಾನ್ ಚುಂಗ್ 1929ರಲ್ಲಿ ಮಲಯದಲ್ಲಿ, ಅಂದರೆ ಇಂದಿನ ಮಲೇಷ್ಯಾದಲ್ಲಿ, ಹುಟ್ಟಿದರು. ಅವರು ಭಾರತಕ್ಕೆ ಬಂದು ಸೇರಿದ್ದು 1955ರಲ್ಲಿ. ಅಷ್ಟು ಹೊತ್ತಿಗೆ ಬೆಳೆದು ದೊಡ್ಡವರಾಗಿದ್ದರು. ಅಪ್ಪ ಎಲ್ಲೋ ದೂರದೇಶದಲ್ಲಿ ಯಾರದೋ ಮಕ್ಕಳಿಗೆ ಪಾಠ ಹೇಳುತ್ತಿದ್ದಾರೆ ಎಂದುಕೊಂಡು ಮನೆಯವರು ವರ್ಷಗಳನ್ನು ಹೇಗೆ ಕಳೆದಿರಬಹುದು? ಆ ಮಗನೂ ಮುಂದೆ ದೆಹಲಿಯಲ್ಲಿ ಚೀನೀ ಪಾಠವನ್ನೇ ಹೇಳಿದರು. 2010ರಲ್ಲಿ ಅವರಿಗೆ ಪದ್ಮಭೂಷಣ ಬಂತು.

1962ರ ಭಾರತ-ಚೀನಾ ಯುದ್ಧದ ಹೊತ್ತಿಗೆ ಭಾರತದಲ್ಲಿದ್ದ ಸಾವಿರಾರು ಚೀನೀಯರನ್ನು ರಾಜಸ್ಥಾನದ ದೇವಲಿ ಬಂಧನ ಕ್ಯಾಂಪಿಗೆ ಸಾಗಿಸಿದರು. ಎರಡು ದೇಶಗಳನ್ನು ಹತ್ತಿರ ತರಲು ಜೀವ ತೇಯ್ದವರಿಗೆ ಅದನ್ನು ನೋಡುವುದು ಎಷ್ಟು ಕಷ್ಟವಾಗಿರಬೇಕು, ಅಲ್ವಾ? ಆದರೂ ತಾನ್ ಯುನ್-ಷಾನ್ ಈ ದೇಶ ಬಿಡಲಿಲ್ಲ. ಕೊನೆಯ ವರ್ಷಗಳನ್ನು ಬೋಧಗಯೆಯಲ್ಲಿ ಬೌದ್ಧ ವಿದ್ಯಾಕೇಂದ್ರ ಕಟ್ಟುವುದರಲ್ಲಿ ಕಳೆದು, 1983ರಲ್ಲಿ ಅಲ್ಲೇ ತೀರಿಕೊಂಡರು.

ಮಗಳು ಹೊರಗೆ ಬಂದಳು. "ಅಮ್ಮಾ, ಎಲ್ಲ ಆಯ್ತು" ಅಂದಳು. ಹಾಸ್ಟೆಲಿಗೆ ಬಕೆಟ್, ಸೊಳ್ಳೆಪರದೆ ಕೊಂಡೆವು. ಡಬ್ಬಿಯಲ್ಲಿ ತಂದಿದ್ದ ಚಟ್ನಿಪುಡಿ ಅವಳ ಕಪಾಟಿನಲ್ಲಿಟ್ಟೆ.

ವಾಪಸ್ ಹೋಗುವಾಗ ಸುಮ್ನೆ ಚೀನಾ ಭವನದ ಮುಂದೆ ಒಮ್ಮೆ ಟೋಟೋ ನಿಲ್ಲಿಸಿದೆ. ಮಳೆ ನಿಂತಿತ್ತು. ರೈಲಿಗೆ ಇನ್ನೂ ಹೊತ್ತಿತ್ತು. ಜಗಲಿಯ ಮೇಲೆ ಇನ್ನೊಬ್ಬ ತಾಯಿ ಬ್ಯಾಗು ಇಟ್ಟುಕೊಂಡು ಕೂತಿದ್ದಳು.