ಮೂರು ಸೆಕೆಂಡಿನ ಹಾರಾಟದ ಹಿಂದಿನ ವರ್ಷಗಳು

ಚಳಿಗಾಲದ ಒಲಿಂಪಿಕ್ಸ್ ಬಂದಾಗಲೆಲ್ಲ, ನಾನು ಫ್ರೀಸ್ಟೈಲ್ ಸ್ಕೀಯಿಂಗ್‌ನ ಏರಿಯಲ್ಸ್ ಸ್ಪರ್ಧೆಯನ್ನು ತಪ್ಪದೆ ನೋಡುವುದನ್ನು ಬಲ್ಲವರು ಒಂದೇ ಪ್ರಶ್ನೆ ಕೇಳುತ್ತಾರೆ: ಗಾಳಿಯಲ್ಲಿ ಮೂರು ಸೆಕೆಂಡು ಲಾಗ ಹಾಕಿ ಇಳಿಯುವ ಈ ಜನ ವರ್ಷದ ಉಳಿದ ದಿನಗಳಲ್ಲಿ ಮಾಡುವುದಾದರೂ ಏನು, ಇದೂ ಒಂದು ವೃತ್ತಿಯೇ? ಹೌದು, ವೃತ್ತಿಯೇ, ಆದರೆ ಅದರ ಬಹುಪಾಲು ನಡೆಯುವುದು ಹಿಮದ ಮೇಲಲ್ಲ, ನೀರಿನ ಮೇಲೆ.

ಬೇಸಿಗೆಯಲ್ಲಿ ಈ ಕ್ರೀಡಾಪಟುಗಳು ಈಜುಕೊಳದ ದಡದಲ್ಲಿ ಕಟ್ಟಿದ ಎತ್ತರದ ಇಳಿಜಾರಿನ ಮೇಲೆ ಅಭ್ಯಾಸ ಮಾಡುತ್ತಾರೆ. ಇದನ್ನು ವಾಟರ್ ರ‍್ಯಾಂಪ್ ಎನ್ನುತ್ತಾರೆ. ನೀರು ಚಿಮುಕಿಸಿದ ಪ್ಲಾಸ್ಟಿಕ್ ಹಾಸಿನ ಮೇಲೆ ಜಾರಿ ಬಂದು, ಮೇಲಕ್ಕೆ ಬಾಗಿದ ಕಿಕ್ಕರ್‌ನಿಂದ ಚಿಮ್ಮಿ, ಕೊಳಕ್ಕೆ ಬೀಳುತ್ತಾರೆ. ಬೀಳುವವರಿಗೆ ಪೆಟ್ಟು ಕಡಿಮೆಯಾಗಲೆಂದು ಕೊಳದ ತಳದಿಂದ ಗಾಳಿಯ ಗುಳ್ಳೆಗಳನ್ನು ಎಬ್ಬಿಸುತ್ತಾರೆ. ಆಮೇಲೆ ನೀರು ತುಂಬಿ ಭಾರವಾದ ಬೂಟಿನಲ್ಲಿ ಸ್ಕೀಗಳನ್ನು ಹೊತ್ತುಕೊಂಡು ಮತ್ತೆ ಮೆಟ್ಟಿಲು ಹತ್ತಬೇಕು. ಅಮೆರಿಕದ ಯೂಟಾ ಒಲಿಂಪಿಕ್ ಪಾರ್ಕ್‌ನಲ್ಲಿ ಇಂಥ ಕೊಳವಿದೆ, ಹಿಮವೇ ಬೀಳದ ಬ್ರಿಸ್ಬೇನ್‌ನಲ್ಲೂ ಇದೆ. ನೀರಿನಲ್ಲಿ ಹತ್ತಾರು ಬಾರಿ ಸರಿಯಾಗಿ ಮಾಡಿ ತೋರಿಸದ ಜಿಗಿತವನ್ನು ಹಿಮದ ಮೇಲೆ ಪ್ರಯತ್ನಿಸಲು ತರಬೇತುದಾರರು ಬಿಡುವುದಿಲ್ಲ. ಹೀಗಾಗಿ, ಇವರ ಬಂಡವಾಳವೆಲ್ಲ ಧೈರ್ಯವೆಂದು ಭಾವಿಸುವವರನ್ನು ನಾನು ಒಪ್ಪಲಾರೆ. ಧೈರ್ಯಕ್ಕಿಂತ ಹೆಚ್ಚಾಗಿ ಇಲ್ಲಿ ಬೇಕಾಗಿರುವುದು ಬೇಸರಿಸದೆ ಒಂದನ್ನೇ ಮಾಡುವ ಸ್ವಭಾವ.

ಹಿಮಕ್ಕೆ ಬಂದ ಮೇಲೂ ಕೆಲಸದ ಮುಖ್ಯ ಭಾಗ ಲೆಕ್ಕಾಚಾರವೇ. ಮೂರು ಲಾಗಗಳಿಗೆ ಬಳಸುವ ಕಿಕ್ಕರ್ ಸುಮಾರು 4 ಮೀಟರ್ ಎತ್ತರದ, ನೋಡುವವರಿಗೆ ಗೋಡೆಯಂತೆಯೇ ಕಾಣುವ ಹಿಮದ ದಿಬ್ಬ. ಅದನ್ನು ಗಂಟೆಗೆ ಅರವತ್ತು ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಏರಬೇಕು. ವೇಗ ತುಸು ಕಡಿಮೆಯಾದರೆ ಇಳಿಜಾರು ಆರಂಭವಾಗುವ ಮುನ್ನವೇ ಗಟ್ಟಿ ನೆಲಕ್ಕೆ ಬೀಳಬೇಕಾಗುತ್ತದೆ, ಹೆಚ್ಚಾದರೆ ಇಳಿಜಾರು ಮುಗಿದು ಸಮತಟ್ಟಾದ ಜಾಗ ಬಂದುಬಿಡುತ್ತದೆ. ಎರಡರಲ್ಲೂ ಪೆಟ್ಟು ಮೊಣಕಾಲಿಗೇ. ಆದ್ದರಿಂದ ಜಿಗಿತಕ್ಕೆ ಮೊದಲು ಅವರು ಕಿಕ್ಕರ್‌ನ ಪಕ್ಕದಿಂದ ಸುಮ್ಮನೆ ಜಾರಿ ವೇಗ ಅಳೆದು, ಎಷ್ಟು ಮೇಲಿನಿಂದ ಹೊರಡಬೇಕೆಂದು ಗುರುತು ಹಾಕಿಕೊಳ್ಳುತ್ತಾರೆ. ಗಾಳಿ ಬದಲಾದರೆ, ಬಿಸಿಲೇರಿ ಹಿಮ ಮೆತ್ತಗಾದರೆ, ಆ ಗುರುತೂ ಬದಲಾಗುತ್ತದೆ. ನೆಲ ಬಿಟ್ಟ ಮೇಲೆ ಲಾಗದ ವೇಗವನ್ನು ಹೊಸದಾಗಿ ಸಂಪಾದಿಸಲು ಸಾಧ್ಯವಿಲ್ಲ. ಕೈಗಳನ್ನು ಒಳಗೆಳೆದು ಅಥವಾ ಚಾಚಿ, ಇರುವುದನ್ನೇ ಹಂಚಿಕೊಳ್ಳಬೇಕು. ಕೆಳಗೆ ನಿಂತ ತರಬೇತುದಾರರು ಕೂಗಿ ಹೇಳುವುದೂ ಇದನ್ನೇ.

ಐವರು ತೀರ್ಪುಗಾರರು ಚಿಮ್ಮಿದ ರೀತಿಗೆ 2, ಗಾಳಿಯಲ್ಲಿನ ಭಂಗಿಗೆ 5, ಇಳಿತಕ್ಕೆ 3 ಅಂಕಗಳವರೆಗೆ ಕೊಡುತ್ತಾರೆ. ಅತಿ ಹೆಚ್ಚಿನ ಮತ್ತು ಅತಿ ಕಡಿಮೆ ಅಂಕಗಳನ್ನು ಬಿಟ್ಟು, ಉಳಿದ ಮೊತ್ತವನ್ನು ಜಿಗಿತದ ಕಠಿಣತೆಯ ಅಂಕಿಯಿಂದ ಗುಣಿಸುತ್ತಾರೆ. 2022ರಲ್ಲಿ ಬೀಜಿಂಗ್‌ನಲ್ಲಿ ಚೀನಾದ ಚೀ ಗ್ವಾಂಗ್‌ಪು 5.0 ಕಠಿಣತೆಯ ಜಿಗಿತದಿಂದ 129 ಅಂಕ ಪಡೆದು ಚಿನ್ನ ಗೆದ್ದರು.

ಇನ್ನು, ಈ ವೃತ್ತಿಗೆ ಬರುವವರು ಯಾರು? ಹಲವರು ಸ್ಕೀ ಮಾಡುತ್ತಲೇ ಬೆಳೆದವರಲ್ಲ, ಜಿಮ್ನಾಸ್ಟಿಕ್ಸ್ ಬಿಟ್ಟು ಬಂದವರು. ದೇಹವನ್ನು ಗಾಳಿಯಲ್ಲಿ ತಿರುಗಿಸುವುದನ್ನು ಎಳವೆಯಲ್ಲೇ ಕಲಿಯಬೇಕು, ಸ್ಕೀಯನ್ನು ಆಮೇಲೂ ಕಲಿಯಬಹುದು ಎಂಬುದು ಆಸ್ಟ್ರೇಲಿಯಾ ಮತ್ತು ಚೀನಾ ಕಂಡುಕೊಂಡ ದಾರಿ. ಜಿಮ್ನಾಸ್ಟ್ ಆಗಿದ್ದ ಆಸ್ಟ್ರೇಲಿಯಾದ ಅಲಿಸಾ ಕ್ಯಾಂಪ್ಲಿನ್ ಹತ್ತೊಂಬತ್ತನೇ ವಯಸ್ಸಿನವರೆಗೆ ಸ್ಕೀ ಕಲಿತಿರಲಿಲ್ಲ. 2002ರಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ, ಎರಡೂ ಕಾಲುಗಳ ಹರಡಿನ ಮೂಳೆಯಲ್ಲಿ ಬಿರುಕಿದ್ದರೂ ಚಿನ್ನ ಗೆದ್ದರು. (ಇಂಥ ಸಂಗತಿಗಳನ್ನು ಹೊಗಳಿಕೆಯಾಗಿ ಬರೆಯಲು ನನಗೆ ಯಾವಾಗಲೂ ಸ್ವಲ್ಪ ಅಳುಕು.) ಅವರದೇ ದೇಶದ ಲಿಡಿಯಾ ಲಸ್ಸಿಲಾ 2006ರ ಒಲಿಂಪಿಕ್ಸ್‌ನಲ್ಲಿ ಇಳಿಯುವಾಗ ಮೊಣಕಾಲಿಗೆ ತೀವ್ರ ಪೆಟ್ಟು ಮಾಡಿಕೊಂಡು, ನಾಲ್ಕು ವರ್ಷಗಳ ನಂತರ ವ್ಯಾಂಕೂವರ್‌ನಲ್ಲಿ ಚಿನ್ನ ಗೆದ್ದರು. ಎಲ್ಲರಿಗೂ ಹೀಗಾಗುವುದಿಲ್ಲ. ಏರಿಯಲ್ಸ್‌ಗೆ ಮೊದಲ ಬಾರಿ ಒಲಿಂಪಿಕ್ ಪದಕ ಸಿಕ್ಕ 1994ರಲ್ಲಿ ಮಹಿಳೆಯರ ಚಿನ್ನ ಉಜ್ಬೇಕಿಸ್ತಾನದ ಲಿನಾ ಚೆರ್ಯಾಜೋವಾ ಅವರದಾಯಿತು; ಅದೇ ಬೇಸಿಗೆಯಲ್ಲಿ ಅಭ್ಯಾಸದ ವೇಳೆ ತಲೆಗೆ ಪೆಟ್ಟಾಗಿ ಅವರು ಕೋಮಾಕ್ಕೆ ಜಾರಿದರು. ಎಚ್ಚೆತ್ತು ಮರಳಿ ಸ್ಪರ್ಧಿಸಿದರೂ ಮೊದಲಿನ ಮಟ್ಟಕ್ಕೆ ಬರಲಾಗಲಿಲ್ಲ.

"ಎಷ್ಟು ವರ್ಷ ನಡೆಯುತ್ತದೆ?" ಎಂದೂ ಕೇಳುತ್ತಾರೆ. ಮೊಣಕಾಲು ಬಿಟ್ಟಷ್ಟು ದಿನ ಎನ್ನಬೇಕು. ಚೀನಾದ ಶೂ ಮೆಂಗ್‌ಟಾವೊ 2010ರಿಂದ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿ, 2014ರಲ್ಲಿ ಬೆಳ್ಳಿ ಪಡೆದು, 2018ರಲ್ಲಿ ಪದಕವಿಲ್ಲದೆ ಮರಳಿ, 2022ರಲ್ಲಿ ಚಿನ್ನ ಗೆದ್ದರು. ಅಲ್ಲಾ ತ್ಸುಪರ್ 1998ರಲ್ಲಿ ಉಕ್ರೇನ್ ಪರವಾಗಿ ಒಲಿಂಪಿಕ್ಸ್‌ಗೆ ಕಾಲಿಟ್ಟವರು. ಮುಂದೆ ಬೆಲಾರೂಸ್ ಪರವಾಗಿ ಸ್ಪರ್ಧಿಸುತ್ತ, ನಡುವೆ ತಾಯಿಯಾಗಿ, ಐದನೇ ಒಲಿಂಪಿಕ್ಸ್ ಆದ ಸೋಚಿಯಲ್ಲಿ, ಮೂವತ್ತನಾಲ್ಕನೇ ವಯಸ್ಸಿನಲ್ಲಿ ತಮ್ಮ ಮೊದಲ ಒಲಿಂಪಿಕ್ ಪದಕವಾಗಿ ಚಿನ್ನವನ್ನೇ ಪಡೆದರು. ಅಷ್ಟಕ್ಕೇ ನಿಲ್ಲಿಸಬಹುದಿತ್ತು, ನಾಲ್ಕು ವರ್ಷಗಳ ನಂತರ ಪ್ಯೊಂಗ್‌ಚಾಂಗ್‌ನಲ್ಲಿ ಮತ್ತೆ ಇಳಿಜಾರಿನ ತುದಿಯಲ್ಲಿ ನಿಂತಿದ್ದರು, ನಾಲ್ಕನೆಯವರಾದರು.