ಗಡಿಗೆಯ ಮೇಲಿನ ಕಡ್ಡಿ

ನಾನು ವಿಜಯಪುರದ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿದ್ದು 1995ರಿಂದ 1998ರವರೆಗೆ. ಆಗ ಊರಿನ ಹೆಸರು ಬಿಜಾಪುರವೆಂದೇ ಇತ್ತು, ನಿಲ್ದಾಣದಲ್ಲಿ ಇದ್ದದ್ದು ಮೀಟರ್ ಗೇಜ್ ಹಳಿ. ಅಂತಿಮ ವರ್ಷದಲ್ಲಿ ಭೌತಶಾಸ್ತ್ರದ ಸರ್ ಪಠ್ಯದಲ್ಲಿಲ್ಲದ ‘ಗೇಜ್ ಸಿದ್ಧಾಂತ’ ಎಂಬ ಮಾತನ್ನು ಬೋರ್ಡಿನ ಮೇಲೆ ಬರೆದಾಗ ನಮಗೆ ಪರಿಚಯವಿದ್ದ ಗೇಜ್ ಆ ಹಳಿಯದೊಂದೇ. ಸರ್ ಅಲ್ಲಿಂದಲೇ ಪಾಠ ಆರಂಭಿಸಿದರು, ಏಕೆಂದರೆ ಆ ಪದದ ಮೂಲ ಅರ್ಥವೂ ಅಳತೆಯೇ. ಒಂದು ಕೋಲನ್ನು ಬೇರೆಡೆಗೆ ಒಯ್ದು ತಂದರೆ ಅದರ ದಿಕ್ಕು ಬದಲಾಗಬಹುದೆಂದು ಐನ್‌ಸ್ಟೈನರ 1915ರ ಗುರುತ್ವ ಸಿದ್ಧಾಂತ ಒಪ್ಪುವುದಾದರೆ, ಅದರ ಉದ್ದವೂ ಏಕೆ ಬದಲಾಗಬಾರದು ಎಂದು 1918ರಲ್ಲಿ ಜರ್ಮನ್ ಗಣಿತಜ್ಞ ಹರ್ಮನ್ ವೈಲ್ ಕೇಳಿದರು. ಹಾಗಾದರೆ ಪರಮಾಣುವಿನ ರೋಹಿತ ರೇಖೆಗಳು (ಅದು ಸೂಸುವ ಬೆಳಕಿನ ನಿಗದಿತ ಬಣ್ಣಗಳು) ಅದು ಹಿಂದೆ ಎಲ್ಲೆಲ್ಲಿ ಸುತ್ತಿ ಬಂದಿದೆಯೆಂಬುದನ್ನು ಅವಲಂಬಿಸಬೇಕಾಗುತ್ತದೆ, ಪ್ರಕೃತಿಯಲ್ಲಿ ಹಾಗಿಲ್ಲ ಎಂದು ಐನ್‌ಸ್ಟೈನ್ ಆಕ್ಷೇಪಿಸಿದರು. ಆ ಸಿದ್ಧಾಂತ ನಿಲ್ಲಲಿಲ್ಲ, ಹೆಸರು ಮಾತ್ರ ಉಳಿಯಿತು.

ಮರುದಿನ ಸರ್ ಪ್ರಯೋಗಾಲಯದ ಮೂಲೆಯಲ್ಲಿದ್ದ ನೀರಿನ ಗಡಿಗೆಯನ್ನು ಬರಿದು ಮಾಡಿ, ಒರೆಸಿ, ಮೇಜಿನ ಮೇಲೆ ಬೋರಲು ಹಾಕಿದರು. ಅದರ ನೆತ್ತಿಯಿಂದ ಹೊಟ್ಟೆಯವರೆಗೆ ಸುಣ್ಣದ ಕಡ್ಡಿಯಿಂದ ಒಂದು ಗೆರೆ, ಹೊಟ್ಟೆಯ ಸುತ್ತ ಕಾಲುಭಾಗ ಇನ್ನೊಂದು, ಅಲ್ಲಿಂದ ಮತ್ತೆ ನೆತ್ತಿಗೆ ಮೂರನೆಯದು. ಕಸಬರಿಗೆಯ ಒಂದು ಕಡ್ಡಿಯನ್ನು ನನ್ನ ಕೈಗೆ ಕೊಟ್ಟು, “ತಮ್ಮಾ, ತಿರುಗಸಬ್ಯಾಡ, ಹೆಂಗೈತಿ ಹಂಗ ಒಯ್ಯಿ” ಎಂದರು. ಮೊದಲ ಗೆರೆಯುದ್ದಕ್ಕೂ ಕಡ್ಡಿಯ ತುದಿಯನ್ನು ಕೆಳಮುಖವಾಗಿ ಹಿಡಿದು ಇಳಿದೆ, ಹೊಟ್ಟೆಯ ಸುತ್ತ ಅದೇ ಕೆಳಮುಖದಲ್ಲಿ ಸಾಗಿದೆ, ಮೂರನೆಯ ಗೆರೆಯ ಮೇಲೆ ಹಾಗೆಯೇ ಹತ್ತಿದೆ. ನಾನು ಒಮ್ಮೆಯೂ ತಿರುಗಿಸದಿದ್ದರೂ ನೆತ್ತಿಗೆ ಮರಳಿದಾಗ ಕಡ್ಡಿ 90 ಡಿಗ್ರಿ ತಿರುಗಿತ್ತು. ಆ ತಿರುವು ಮೂರು ಗೆರೆಗಳ ನಡುವೆ ಸಿಕ್ಕ ವಕ್ರತೆಯ ಒಟ್ಟು ಮೊತ್ತ. ಐನ್‌ಸ್ಟೈನರ ಸಿದ್ಧಾಂತದಲ್ಲಿ ಗುರುತ್ವವೆಂದರೆ ದೇಶಕಾಲದ ಇಂಥ ವಕ್ರತೆಯೇ. ಗುರುತ್ವವೆಂದರೆ ಸೆಳೆತ ಎಂದಷ್ಟೇ ಓದಿದ್ದ ನಾನು ಅದನ್ನು ಬೆರಳುಗಳಲ್ಲಿ ಹಿಡಿದುಕೊಂಡಿದ್ದೆ.

ಎಲೆಕ್ಟ್ರಾನಿನ ಅಲೆಗೂ ಇಂಥದೇ ಒಂದು ಕಡ್ಡಿಯಿದೆ, ಅದರ ಹೆಸರು ಫೇಸ್, ಅಂದರೆ ಅಲೆ ತನ್ನ ಏರಿಳಿತದ ಯಾವ ಹಂತದಲ್ಲಿದೆಯೆಂಬ ಗುರುತು. ಫೇಸಿನ ಸೊನ್ನೆಯನ್ನು ಪ್ರತಿಯೊಂದು ಬಿಂದುವಿನಲ್ಲಿ ನಮಗೆ ಬೇಕಾದಂತೆ ಇಟ್ಟುಕೊಳ್ಳಬಹುದಾದ್ದರಿಂದ, ಇಲ್ಲಿಯದನ್ನು ಅಲ್ಲಿಯದಕ್ಕೆ ಹೋಲಿಸಲು ಒಯ್ಯುವ ನಿಯಮವೊಂದು ಬೇಕು. ಆ ನಿಯಮವೇ ವಿದ್ಯುತ್ಕಾಂತೀಯ ವಿಭವ, ಒಂದು ಸುತ್ತು ಬಂದಾಗ ಉಳಿಯುವ ತಿರುವೇ ಆ ಸುತ್ತಿನೊಳಗೆ ಹಾದುಹೋಗುವ ಕಾಂತಕ್ಷೇತ್ರದ ಮೊತ್ತ (ಫ್ಲಕ್ಸ್). ವೈಲ್ 1929ರಲ್ಲಿ ತಮ್ಮ ಹಳೆಯ ವಿಚಾರವನ್ನು ಉದ್ದದಿಂದ ಬಿಡಿಸಿ ಇಲ್ಲಿ ನೆಲೆಗೊಳಿಸಿದರು. 1954ರಲ್ಲಿ ಯಾಂಗ್ ಮತ್ತು ಮಿಲ್ಸ್ ಅದನ್ನು ಇನ್ನೂ ಜಟಿಲವಾದ ತಿರುವುಗಳಿಗೆ ವಿಸ್ತರಿಸಿದರು. 1956ರಲ್ಲಿ ಉಟಿಯಾಮಾ, 1961ರಲ್ಲಿ ಕಿಬಲ್, ಗುರುತ್ವವನ್ನೇ ಗೇಜ್ ಸಿದ್ಧಾಂತವಾಗಿ ಬರೆಯುವ ದಾರಿ ತೋರಿಸಿದರು.

ಗುರುತ್ವ, ಗೇಜ್ ಸಿದ್ಧಾಂತ ಎರಡೂ ಒಂದೇ ಎಂದು ನಾನು ಪರೀಕ್ಷೆಯ ಉತ್ಸಾಹದಲ್ಲಿ ಬರೆದುಕೊಟ್ಟ ಟಿಪ್ಪಣಿಯಲ್ಲಿ ಸರ್ ಒಂದು ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿದ್ದರು. ಅವರ ಎಚ್ಚರಿಕೆ ಸರಿಯಾಗಿತ್ತೆಂದು ಈಗ ಹೆಚ್ಚು ಬಲವಾಗಿ ಅನ್ನಿಸುತ್ತದೆ. ಫೇಸಿನ ಕಡ್ಡಿ ತಿರುಗುವುದು ನಾವು ನಡೆದಾಡದ ಒಳಗಿನ ಅವಕಾಶದಲ್ಲಿ. ಗುರುತ್ವದ ಕಡ್ಡಿ ತೋರಿಸುವುದು ನಾವು ನಡೆಯುವ ನೆಲದ ದಿಕ್ಕನ್ನೇ, ಅಲ್ಲಿ ಗಡಿಗೆಯ ಆಕಾರವೇ ಬದಲಾಗುತ್ತಿರುತ್ತದೆ. ಯಾಂಗ್–ಮಿಲ್ಸ್ ಕ್ರಿಯೆಯಲ್ಲಿ (ಚಲನೆಯ ನಿಯಮಗಳು ಹೊರಡುವ ಮೂಲ ಸೂತ್ರದಲ್ಲಿ) ವಕ್ರತೆ ವರ್ಗವಾಗಿ ಬರುತ್ತದೆ, ಐನ್‌ಸ್ಟೈನರದರಲ್ಲಿ ಒಂದೇ ಘಾತದಲ್ಲಿ. ಕ್ವಾಂಟಂ ಲೆಕ್ಕದ ಅನಂತಗಳನ್ನು ಯಾಂಗ್–ಮಿಲ್ಸ್ ಸಿದ್ಧಾಂತದಲ್ಲಿ ಪಳಗಿಸಬಹುದೆಂದು 1971ರಲ್ಲಿ ಟ್ ಹೂಫ್ಟ್ ತೋರಿಸಿದರು. ಅದೇ ವಿಧಾನಕ್ಕೆ ಗುರುತ್ವ ಇಂದಿಗೂ ಬಗ್ಗಿಲ್ಲ.

2016ರಲ್ಲಿ ವಿಜಯಪುರಕ್ಕೆ ಹೋದಾಗ ನಿವೃತ್ತರಾಗಿದ್ದ ಸರ್ ಅವರನ್ನು ಮನೆಯಲ್ಲಿ ಕಂಡು, ಈ ನಂಟಿಗೆ ಬಂದ ಹೊಸ ತಿರುವನ್ನು ಹೇಳಿದೆ. ಕಣಗಳನ್ನು ಸೂಕ್ಷ್ಮ ತಂತುಗಳ ಕಂಪನವೆಂದು ನೋಡುವ ತಂತು ಸಿದ್ಧಾಂತದಲ್ಲಿ, ಗೇಜ್ ಬಲಗಳನ್ನು ಕೊಡುವ ತೆರೆದ ತಂತುಗಳ ಎರಡು ಲೆಕ್ಕಗಳನ್ನು ಗುಣಿಸಿ ಕೂಡಿಸಿದರೆ ಗುರುತ್ವವನ್ನು ಕೊಡುವ ಮುಚ್ಚಿದ ತಂತುವಿನ ಲೆಕ್ಕ ಸಿಗುತ್ತದೆಂದು 1986ರಲ್ಲಿ ಕವಾಯ್, ಲೆವೆಲೆನ್, ಟೈ ಕಂಡುಕೊಂಡಿದ್ದರು. 2008ರಲ್ಲಿ ಬರ್ನ್, ಕರಾಸ್ಕೊ, ಯೋಹಾನ್ಸನ್ ಅದನ್ನು ತಂತುಗಳಿಲ್ಲದೆಯೇ ಹೇಳಿದರು: ಪರಮಾಣು ಬೀಜದೊಳಗಿನ ಪ್ರಬಲ ಬಲವನ್ನು ಹೊರುವ ಗ್ಲುಆನ್‌ಗಳ ಡಿಕ್ಕಿಯ ಲೆಕ್ಕವನ್ನು ತಕ್ಕ ರೂಪದಲ್ಲಿ ಬರೆದು, ಅದರಲ್ಲಿನ ‘ಬಣ್ಣ’ದ (ಪ್ರಬಲ ಬಲದಲ್ಲಿ ವಿದ್ಯುದಂಶದಂತಿರುವ ಗುಣದ) ಅಂಶವನ್ನು ತೆಗೆದು, ಆ ಜಾಗದಲ್ಲಿ ಚಲನೆಯ ಅಂಶವನ್ನು ಇನ್ನೊಮ್ಮೆ ಇಟ್ಟರೆ ಗುರುತ್ವವನ್ನು ಹೊರುವ ಗ್ರಾವಿಟಾನ್‌ಗಳ ಲೆಕ್ಕ ದೊರೆಯುತ್ತದೆ. ಲೂಪ್‌ಗಳಿರುವ (ಅಂದರೆ ಕ್ವಾಂಟಂ ತಿದ್ದುಪಡಿಗಳ) ಲೆಕ್ಕಗಳಿಗೆ ಇದು ಇನ್ನೂ ಊಹೆಯೇ, ಆದರೆ ಪರೀಕ್ಷಿಸಿದ ಹಲವೆಡೆ ನಿಂತಿದೆ.

ಸರ್ ಬಹಳ ಹೊತ್ತು ಸುಮ್ಮನಿದ್ದು, “ಹಂಗಾದ್ರ ಗಡಿಗಿ ಎಲ್ಲಿ ಹೋತು?” ಎಂದರು. ಅದೇ ಸರಿಯಾದ ಪ್ರಶ್ನೆ; ಆ ಗುಣಾಕಾರದಲ್ಲಿ ವಕ್ರತೆ ಎಲ್ಲೂ ಕಣ್ಣಿಗೆ ಬೀಳುವುದಿಲ್ಲ. ನನ್ನ ಬಳಿ ಇದ್ದದ್ದು ಅರ್ಧ ಉತ್ತರ. 2014ರಲ್ಲಿ ಮೊಂಟೇರೊ, ಓ’ಕಾನೆಲ್, ವೈಟ್ ಅವರು ತಿರುಗದ, ವಿದ್ಯುದಂಶವಿಲ್ಲದ ಶ್ವಾರ್ಟ್ಸ್‌ಶಿಲ್ಡ್ ಕಪ್ಪುಕುಳಿಯ ಜ್ಯಾಮಿತಿಯನ್ನು ಒಂದು ವಿಶೇಷ ರೂಪದಲ್ಲಿ ಬರೆದು, ಅದರ ಗೇಜ್ ಜೋಡಿಯೆಂದರೆ ನಾವು ಪಿ.ಯು.ಸಿ.ಯಲ್ಲಿ ಓದುವ, ಒಂದು ವಿದ್ಯುದಂಶದ ಸುತ್ತಲಿನ ಕೂಲಂಬ್ ಕ್ಷೇತ್ರವೆಂದು ತೋರಿಸಿದ್ದರು. ಸರ್ ಕನ್ನಡಕ ಹಾಕಿಕೊಂಡು, ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಮಗುಚಿ ನನ್ನ ಮುಂದಿಟ್ಟು, ಆ ರೂಪವನ್ನು ಮೊದಲಿನಿಂದ ಬರೆದು ತೋರಿಸಲು ಹೇಳಿದರು.